ಬಿಲ್ಲುಗಾರರ ಮೊಣಕೈ ನೋವು: ಮೊದಲು ಬಿಲ್ಲಿನ ಬಿಗಿ ಇಳಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುರವಣಿಯ ‘ಟೆನಿಸ್ ಎಲ್ಬೋ’ (ಕೈಯ ಅತಿಬಳಕೆಯಿಂದ ಬರುವ ಮೊಣಕೈ ನೋವು) ಲೇಖನದಲ್ಲಿ ಬಡಗಿಗಳು, ಬಟ್ಟೆ ಹಿಂಡುವವರು, ಮೌಸ್ ಹಿಡಿಯುವವರು ಎಲ್ಲ ಬಂದರು, ಬಿಲ್ಲುಗಾರರು ಮಾತ್ರ ಬಿಟ್ಟುಹೋದರು. ಅಮೆರಿಕದಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಯಾಡುವವರಿಗೆ ಇದು ಬಹಳ ಪರಿಚಿತ ನೋವು. ವರ್ಷವಿಡೀ ಮೂಲೆಯಲ್ಲಿದ್ದ ಬಿಲ್ಲನ್ನು ಆಗಸ್ಟ್‌ನಲ್ಲಿ ಕೆಳಗಿಳಿಸಿ, ಸೆಪ್ಟೆಂಬರ್ ಋತುವಿನೊಳಗೆ ಕೈ ಕುದುರಲೆಂದು ದಿನಕ್ಕೆ ನೂರು ಬಾಣ ಬಿಟ್ಟರೆ ಮೊಣಕೈ ಹೇಗೆ ತಾಳೀತು? ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಬೇಟೆಯ ಮಾತಿಲ್ಲ. ಆದರೆ ಅದೇ ಬಗೆಯ, ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲು ನಮ್ಮ ಮೈದಾನಗಳಲ್ಲೂ ಇದೆ, ನೋವೂ ಇದೆ.

ನೋವು ಎಲ್ಲಿದೆ ಎಂಬುದರ ಮೇಲೆ ತಪ್ಪು ಎಲ್ಲಿದೆ ಎಂದು ಬಹುಮಟ್ಟಿಗೆ ಊಹಿಸಬಹುದು. ಬಿಲ್ಲು ಹಿಡಿದ ಕೈಯ ಮೊಣಕೈಯಲ್ಲಿ, ಹೊರಬದಿಯ ಎಲುಬಿನ ಗಂಟಿನ ಬಳಿ ನೋವಿದ್ದರೆ ಹಿಡಿಕೆಯನ್ನು ಹಿಸುಕಿ ಹಿಡಿಯುತ್ತಿದ್ದೀರಿ. ಹಿಡಿಕೆ ಹೆಬ್ಬೆರಳಿನ ಬುಡದ ದಿಂಬಿಗೆ ಒರಗಿರಬೇಕು, ಬೆರಳುಗಳು ಸಡಿಲವಾಗಿರಬೇಕು. ಹೆದೆ ಎಳೆಯುವ ಕೈಯ ಒಳಬದಿಯಲ್ಲಿ ನೋವಿದ್ದರೆ, ಬೆನ್ನು ಮಾಡಬೇಕಾದ ಕೆಲಸವನ್ನು ಮಣಿಕಟ್ಟು ಮಡಚಿ ಮುಂಗೈಯಿಂದ ಮಾಡಿಸುತ್ತಿದ್ದೀರಿ.

ಎರಡಕ್ಕೂ ಬೇರು ಸಾಮಾನ್ಯವಾಗಿ ಒಂದೇ: ತಾಕತ್ತಿಗೆ ಮೀರಿದ ಬಿಗಿ (ಹೆದೆ ಎಳೆಯಲು ಬೇಕಾಗುವ ಬಲ). ಪರೀಕ್ಷೆ ಸುಲಭ. ಕುರ್ಚಿಯಲ್ಲಿ ಕೂತು, ಬಾಣವನ್ನು ಗುರಿಯ ನೇರಕ್ಕೇ ಇಟ್ಟು ನಿಧಾನವಾಗಿ ಹೆದೆ ಎಳೆಯಿರಿ. ಬಿಲ್ಲನ್ನು ಆಕಾಶಕ್ಕೆ ಎತ್ತದೆ ಎಳೆಯಲಾಗದಿದ್ದರೆ ಬಿಗಿ ಹೆಚ್ಚಾಯಿತು. 70 ಪೌಂಡ್ ಬಿಲ್ಲು 80 ಶೇಕಡಾ ಲೆಟ್-ಆಫ್‌ನಿಂದಾಗಿ (ರಾಟೆಗಳು ಅಷ್ಟು ಭಾರ ಹೊರುವುದರಿಂದ) ಪೂರ್ತಿ ಎಳೆದಾಗ 14 ಪೌಂಡ್‌ನಷ್ಟೇ ಭಾರ ಕೊಡುತ್ತದೆ ನಿಜ. ಆದರೆ ಮೊಣಕೈ ಕೆಡುವುದು ಅಲ್ಲಲ್ಲ, ಅಲ್ಲಿಗೆ ಮುಟ್ಟುವ ಮುಂಚಿನ ಆ ಪೂರಾ 70ರಲ್ಲಿ. ಅಷ್ಟು ಬಿಗಿ ಜಿಂಕೆಗೆ ಬೇಕೂ ಇಲ್ಲ. ಕೊಲೊರಾಡೊ ರಾಜ್ಯದ ನಿಯಮ ಕೇಳುವುದು ಕನಿಷ್ಠ 35 ಪೌಂಡ್. ಉಳಿದದ್ದು ಗಂಡಸುತನದ ಲೆಕ್ಕ.

ಬಿಗಿ ಇಳಿಸುವುದು ಅಲೆನ್ ಕೀಯ (ಬೋಲ್ಟ್ ತಿರುಗಿಸುವ ಆರು ಮೂಲೆಯ ಕೀಲಿ) ಕೆಲಸ. ಬಿಲ್ಲಿನ ಮೇಲಿನ ಮತ್ತು ಕೆಳಗಿನ ತೋಳುಗಳನ್ನು (ಲಿಂಬ್) ಹಿಡಿದಿರುವ ಬೋಲ್ಟ್‌ಗಳನ್ನು ಸರಿಸಮವಾಗಿ ಸಡಿಲಿಸಿ. ಒಂದು ಸುತ್ತು ತಿರುಗಿಸಿದರೆ ಸುಮಾರು 2-3 ಪೌಂಡ್ ಇಳಿಯುತ್ತದೆ. ಕೈಪಿಡಿಯಲ್ಲಿ ಹೇಳಿರುವಷ್ಟು ಸುತ್ತು ಮೀರಿದರೆ ಲಿಂಬ್ ಕಳಚಿ ಸಿಡಿಯುವ ಅಪಾಯವಿದೆ. ಬಿಗಿ ಇಳಿದಾಗ ಬಾಣ ಗುರಿಗಿಂತ ಕೆಳಗೆ ಬೀಳುತ್ತದೆ, ಸೈಟ್ (ಗುರಿ ನೋಡುವ ಸಾಧನ) ಮತ್ತೆ ಹೊಂದಿಸಿ. ಎಳೆಯುವ ಉದ್ದವನ್ನೂ (ಪೂರ್ತಿ ಎಳೆದಾಗ ಹಿಡಿಕೆಯಿಂದ ಹೆದೆಯವರೆಗಿನ ದೂರ) ನೋಡಿ: ಎರಡೂ ಕೈ ಚಾಚಿದಾಗಿನ ಅಳತೆಯನ್ನು ಇಂಚಿನಲ್ಲಿ 2.5ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 70 ಇಂಚಿಗೆ 28. ಉದ್ದ ಜಾಸ್ತಿಯಾದರೆ ಬಿಲ್ಲಿನ ಕೈ ಮೊಣಕೈಯಲ್ಲಿ ಸೆಟೆದು ನಿಲ್ಲುತ್ತದೆ.

ನೋವು ಶುರುವಾಗಿದ್ದರೆ ಬಾಣ ಬಿಡುವುದನ್ನು ನಿಲ್ಲಿಸಿ. ಮಾತ್ರೆ ನುಂಗಿ ಅಭ್ಯಾಸ ಮುಂದುವರಿಸುವುದಂತೂ ಬೇಡವೇ ಬೇಡ. ತೀವ್ರತೆ ಇಳಿದ ಮೇಲೆ ವ್ಯಾಯಾಮ: ಮುಂಗೈಯನ್ನು ಮೇಜಿನ ಮೇಲಿಟ್ಟು ಮಣಿಕಟ್ಟು ಅಂಚಿನಾಚೆ ಬರಲಿ, ಅಂಗೈ ಕೆಳಮುಖ. ಕೈಯಲ್ಲಿ ಒಂದು ಕಿಲೋ ಡಂಬಲ್, ಇಲ್ಲವೇ ಲೀಟರ್ ನೀರಿನ ಬಾಟಲಿ. ಇನ್ನೊಂದು ಕೈಯಿಂದ ಅದನ್ನು ಮೇಲೆತ್ತಿ, ನೋವಿನ ಕೈಯಿಂದ ನಾಲ್ಕೈದು ಸೆಕೆಂಡು ತೆಗೆದುಕೊಂಡು ಇಳಿಸಿ. ಹದಿನೈದರಂತೆ ಮೂರು ಬಾರಿ, ದಿನಕ್ಕೊಮ್ಮೆ. ಒಳಬದಿಯ ನೋವಿಗೆ ಅಂಗೈ ಮೇಲ್ಮುಖ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಭಾರ ಅರ್ಧಕ್ಕಿಳಿಸಿ. ಸ್ನಾಯುರಜ್ಜು ನಿಧಾನದ ಪ್ರಾಣಿ, 6ರಿಂದ 12 ವಾರ ಹಿಡಿಯುತ್ತದೆ. ಪಟ್ಟಿ ಕಟ್ಟುವವರು ಎಲುಬಿನ ಗಂಟಿನ ಮೇಲೇ ಬಿಗಿಯುತ್ತಾರೆ, ಅದು ಎರಡು ಬೆರಳು ಕೆಳಗೆ, ಮುಂಗೈಯ ಮಾಂಸದ ಮೇಲಿರಬೇಕು. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ಹಾಯೆನಿಸುತ್ತದೆ, ಆದರೆ ವರ್ಷದ ಲೆಕ್ಕದಲ್ಲಿ ಹಾಕಿಸಿಕೊಳ್ಳದವರೇ ಮೇಲು ಎಂಬುದು ಹೊರಬದಿಯ ನೋವಿನಲ್ಲಿ ಕಂಡುಬಂದಿದೆ.

ಮರಳುವಾಗ ಹಳೆಯದಕ್ಕಿಂತ ಹತ್ತು ಪೌಂಡ್ ಕಡಿಮೆ ಇರಲಿ. ದಿನ ಬಿಟ್ಟು ದಿನ ಇಪ್ಪತ್ತು ಬಾಣ, ವಾರಕ್ಕೆ ಹತ್ತು ಹೆಚ್ಚಿಸಿ.

ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದರೆ ತೊಂದರೆ ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ಅಲ್ನಾರ್ ನರದ್ದಿರಬಹುದು. ಆಗ ಈ ವ್ಯಾಯಾಮ ಬಿಟ್ಟು ಮೂಳೆ ತಜ್ಞರಿಗೆ ತೋರಿಸಿ.

– ಬಿಲ್ಲುಗಾರಿಕೆ ತರಬೇತುದಾರರು, ಬೆಂಗಳೂರು