ತಿಲಕರ ಲಾ ಕ್ಲಾಸನ್ನೂ ನೆನೆಯೋಣ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಆಗಸ್ಟ್ 1ರಂದು ಲೋಕಮಾನ್ಯ ತಿಲಕರ ಪುಣ್ಯತಿಥಿಗೆ ತಾವು ಪ್ರಕಟಿಸಿದ ಲೇಖನ ಓದಿದೆ. ‘ಕೇಸರಿ’ ಪತ್ರಿಕೆ, ಗಣೇಶೋತ್ಸವ, ಮಂಡಾಲೆ ಜೈಲು ಎಲ್ಲ ಚೆನ್ನಾಗಿ ಬಂದಿತ್ತು. ಒಂದು ಮಾತು ಮಾತ್ರ ಬಿಟ್ಟುಹೋಗಿದೆ. ಅದನ್ನು ಹೇಳಲೆಂದೇ ಈ ಪತ್ರ. ತಿಲಕರು ಪುಣೆಯಲ್ಲಿ ಕೆಲವು ವರ್ಷ ಒಂದು ಲಾ ಕ್ಲಾಸ್ ನಡೆಸಿದ್ದರು. ವಕೀಲರಾಗಬೇಕು ಎಂದು ಬರುವ ಹುಡುಗರಿಗೆ ತಾವೇ ನಿಂತು ಕಾನೂನು ಪಾಠ ಹೇಳುತ್ತಿದ್ದರು. ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲೂ ಈ ವಿಷಯ ಗೊತ್ತಿರುವವರು ತುಂಬಾ ಕಡಿಮೆ.

ತಿಲಕರು 1879ರಲ್ಲಿ ಎಲ್‌ಎಲ್.ಬಿ. ಮುಗಿಸಿದರು. ಆದರೆ ಕೋರ್ಟಿಗೆ ಹೋಗಲಿಲ್ಲ. 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್, 1881ರಲ್ಲಿ ಎರಡು ಪತ್ರಿಕೆ, 1885ರಲ್ಲಿ ಫರ್ಗ್ಯುಸನ್ ಕಾಲೇಜು, ಹೀಗೆ ಗೆಳೆಯರ ಜೊತೆ ಸೇರಿ ಶಾಲೆ ಕಟ್ಟುವ ಕೆಲಸಕ್ಕೆ ಇಳಿದರು. ಈ ಶಾಲೆ, ಕಾಲೇಜು ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ಹೊರಗಿನ ಸಂಪಾದನೆ ಮಾಡಬಾರದು ಎಂಬುದು ತಿಲಕರ ಹಟ. ಉಳಿದವರು ಒಪ್ಪಲಿಲ್ಲ. ಜಗಳ ಬೆಳೆಯಿತು. 1890ರಲ್ಲಿ ತಿಲಕರು ರಾಜೀನಾಮೆ ಕೊಟ್ಟು ಹೊರಬಂದರು. ಮರುವರ್ಷ ‘ಕೇಸರಿ’, ‘ಮರಾಠಾ’ ಎರಡೂ ಪತ್ರಿಕೆಗಳು ಸಾಲದ ಸಮೇತ ಅವರ ಕೈಗೆ ಬಂದವು. ಪತ್ರಿಕೆಯಿಂದ ಆಗ ಲಾಭ ಇರಲಿಲ್ಲ. ಮನೆ ನಡೆಯಬೇಕಲ್ಲ? ಲಾತೂರಿನಲ್ಲಿ ಪಾಲುದಾರರ ಜೊತೆ ಹತ್ತಿ ಜಿನ್ನಿಂಗ್ ಕಾರ್ಖಾನೆ ಹಾಕಿದರು. ಪುಣೆಯಲ್ಲಿ ಲಾ ಕ್ಲಾಸ್ ತೆರೆದರು. ಹುಡುಗರು ಕೊಡುವ ಫೀಸಿನಿಂದ ಅವರ ಮನೆ ನಡೆಯಿತು. ಪತ್ರಿಕೆ ಉಳಿಯುವುದಕ್ಕೂ ಅದೇ ಆಸರೆಯಾಯಿತು. ‘ಕೇಸರಿ’ಯ ಬಗ್ಗೆ ಹೆಮ್ಮೆ ಪಡುವವರು ಇದನ್ನು ಮರೆಯಬಾರದು ಎಂದು ನನಗೆ ಅನಿಸುತ್ತದೆ.

ಆ ಕಾಲದಲ್ಲಿ ವಕೀಲನಾಗಲು ಎರಡು ದಾರಿ ಇದ್ದವು. ಬಿ.ಎ. ಆದ ಮೇಲೆ ಎಲ್‌ಎಲ್.ಬಿ. ಮಾಡುವುದು ಒಂದು. ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಸನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆಯುವುದು ಇನ್ನೊಂದು. ಅದರಲ್ಲೂ ಹೈಕೋರ್ಟ್ ಪ್ಲೀಡರ್, ಡಿಸ್ಟ್ರಿಕ್ಟ್ ಪ್ಲೀಡರ್ ಎಂದು ಬೇರೆ ಬೇರೆ ದರ್ಜೆ. ತಾಲ್ಲೂಕಿನ ಕೋರ್ಟಿನಲ್ಲಿ ರೈತನ ಪರ ನಿಂತು ಸಾಲದ ದಾವೆ, ಹೊಲದ ಬಾಂದಿನ ತಕರಾರು ನಡೆಸುತ್ತಿದ್ದವರಲ್ಲಿ ಈ ಪ್ಲೀಡರುಗಳೇ ಜಾಸ್ತಿ. ಸರ್ಕಾರದ ಲಾ ಸ್ಕೂಲ್ ಇದ್ದದ್ದು ಮುಂಬೈಯಲ್ಲಿ, 1855ರಿಂದ. ಮುಂಬೈಯ ಖರ್ಚು ಎಲ್ಲರಿಗೂ ತಡೆಯುವಂಥದ್ದಲ್ಲ. ಪ್ಲೀಡರ್ ಪರೀಕ್ಷೆಗೆ ಕೂರುವ ಹುಡುಗ ಎಲ್ಲಿ ಓದಬೇಕು, ಯಾರ ಹತ್ತಿರ ಕೇಳಬೇಕು? ತಿಲಕರ ಕ್ಲಾಸು ತುಂಬಿದ್ದು ಈ ಜಾಗವನ್ನು. ಇಂಥ ಖಾಸಗಿ ಕ್ಲಾಸು ಮುಂಬೈ ಪ್ರಾಂತ್ಯದಲ್ಲಿ ಅದೇ ಮೊದಲು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.

ಇದು ಮಹಾರಾಷ್ಟ್ರದವರ ಕತೆ, ನಮಗೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ಬಹಳ ಇದೆ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲವೂ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ನಮ್ಮ ಕೋರ್ಟುಗಳ ಮೇಲೆ ಇದ್ದದ್ದು ಮುಂಬೈ ಹೈಕೋರ್ಟು. ನಮ್ಮ ಹುಡುಗರೂ ಅದೇ ನಿಯಮ, ಅದೇ ಪರೀಕ್ಷೆ, ಅದೇ ಸನದಿನ ಕೆಳಗೆ ಬರುತ್ತಿದ್ದರು. ಸದರ್ನ್ ಮರಾಠಾ ರೈಲು ಬಂದ ಮೇಲಂತೂ ಧಾರವಾಡದವರಿಗೆ ಪುಣೆ ಪಕ್ಕದ ಊರಾಯಿತು. ಅದೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಮುಂದೆ ಏಕೀಕರಣದ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಎಷ್ಟು ಜನ ವಕೀಲರಿದ್ದರು ನೋಡಿ. ಆಲೂರು ವೆಂಕಟರಾಯರು ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್‌ನಲ್ಲಿ, ಕಾನೂನು ಓದಿದ್ದು ಮುಂಬೈಯಲ್ಲಿ, ವಕೀಲಿ ಶುರು ಮಾಡಿದ್ದು ಧಾರವಾಡದಲ್ಲಿ. ಸರ್ ಸಿದ್ದಪ್ಪ ಕಂಬಳಿಯವರು ಹುಬ್ಬಳ್ಳಿಯ ವಕೀಲರು. ಆ ತಲೆಮಾರು ಕಾನೂನು ಕಲಿತದ್ದು ಹೇಗೆ ಎಂಬ ಕತೆ ಬರೆಯಲು ಕೂತರೆ ಪುಣೆ, ಮುಂಬೈ ಎರಡೂ ಅದರಲ್ಲಿ ಬಂದೇ ಬರುತ್ತವೆ.

ಕ್ಲಾಸಿನಲ್ಲಿ ತಿಲಕರ ಮೆಚ್ಚಿನ ವಿಷಯ ಹಿಂದೂ ಕಾನೂನು. ಸಂಸ್ಕೃತ ಬಲ್ಲವರು, ಧರ್ಮಶಾಸ್ತ್ರವನ್ನು ಮೂಲದಲ್ಲೇ ಓದಿದವರು. ದತ್ತಕ, ವಾರಸು, ಪಾಲು ಇವೆಲ್ಲ ಪುಸ್ತಕದ ಮಾತುಗಳಾಗಿ ಉಳಿಯಲಿಲ್ಲ. 1897ರಲ್ಲಿ ಅವರ ಗೆಳೆಯ ಬಾಬಾ ಮಹಾರಾಜರು ತೀರಿಕೊಂಡರು. ಅವರ ಮೃತ್ಯುಪತ್ರದಂತೆ ಆಸ್ತಿ ನೋಡಿಕೊಳ್ಳುವ ಹೊಣೆ ತಿಲಕರ ಮೇಲೆ ಬಿತ್ತು. 1901ರಲ್ಲಿ ಬಾಬಾ ಮಹಾರಾಜರ ವಿಧವೆ ಪತ್ನಿ, ‘ತಾಯಿ ಮಹಾರಾಜ್’ ಎಂದೇ ಹೆಸರಾದವರು, ಔರಂಗಾಬಾದಿನಲ್ಲಿ ದತ್ತಕ ತೆಗೆದುಕೊಂಡದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆ ಎದ್ದಿತು. ತಿಲಕರ ಮೇಲೆಯೇ ಸುಳ್ಳು ಸಾಕ್ಷಿಯ ಆರೋಪ ಬಂತು. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಯಿತು, 1904ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ದತ್ತಕದ ದಾವೆ ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ, 1915ರಲ್ಲಿ ತಿಲಕರ ಪರ ತೀರ್ಪಾಯಿತು. 1908ರ ರಾಜದ್ರೋಹದ ಮೊಕದ್ದಮೆಯಲ್ಲಿ ತಾವೇ ವಾದ ಮಾಡಿದರು, 21 ಗಂಟೆಗೂ ಮೀರಿ. ಅಷ್ಟು ಹೊತ್ತು ಜ್ಯೂರಿಯ ಮುಂದೆ ಕಾನೂನು ಬಿಡಿಸಿ ಹೇಳಿದ ಆ ಮನುಷ್ಯ, ಒಂದು ಕಾಲಕ್ಕೆ ಸಣ್ಣ ಊರುಗಳ ಹುಡುಗರಿಗೆ ಪಾಠ ಹೇಳಿದ ಮೇಷ್ಟ್ರು ಎಂದು ನೆನೆದಾಗ ನನಗೆ ಅಭಿಮಾನ ಉಕ್ಕುತ್ತದೆ.

ಕ್ಲಾಸು ಜಾಸ್ತಿ ವರ್ಷ ಬಾಳಲಿಲ್ಲ. 1895ರಲ್ಲಿ ತಿಲಕರು ಮುಂಬೈ ಪ್ರಾಂತ್ಯದ ಶಾಸನ ಕೌನ್ಸಿಲ್ಲಿಗೆ ಆಯ್ಕೆಯಾದರು. ಬರ ಬಂತು, ಪ್ಲೇಗು ಬಂತು. ಸಾತಾರೆಯಲ್ಲಿ ವಕೀಲಿ ಮಾಡುತ್ತಿದ್ದ ನ.ಚಿಂ. ಕೇಳಕರರನ್ನು 1896ರಲ್ಲಿ ಪುಣೆಗೆ ಕರೆಸಿಕೊಂಡರು, ಪತ್ರಿಕೆಗೂ ಕ್ಲಾಸಿಗೂ ಜೊತೆಯಾಗಲಿ ಎಂದು. 1897ರ ಜುಲೈನಲ್ಲಿ ತಿಲಕರ ಬಂಧನವಾಯಿತು, 18 ತಿಂಗಳ ಶಿಕ್ಷೆ. ಅಲ್ಲಿಗೆ ಆ ಕ್ಲಾಸಿನ ಕಾಲ ಮುಗಿಯಿತು.

ಆಮೇಲಿನದು ಹಲವರಿಗೆ ಗೊತ್ತು. 1924ರಲ್ಲಿ ಪುಣೆಯಲ್ಲಿ ಇಂಡಿಯನ್ ಲಾ ಸೊಸೈಟಿಯ ಕಾಲೇಜು ಬಂತು. ಜೆ.ಆರ್. ಘಾರಪುರೆ ಅದರ ಮೊದಲ ಪ್ರಿನ್ಸಿಪಾಲರು. ನಿಜಲಿಂಗಪ್ಪನವರು ಕಾನೂನು ಓದಿದ್ದು ಅಲ್ಲೇ. ಧಾರವಾಡದ ಕರ್ನಾಟಕ ಕಾಲೇಜಿನಿಂದ ಬಂದ ಪಿ.ಬಿ. ಗಜೇಂದ್ರಗಡಕರ್ ಕೂಡ ಅಲ್ಲೇ ಓದಿ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. 1933ರಲ್ಲಿ ಕೊಲ್ಲಾಪುರಕ್ಕೆ ಲಾ ಕಾಲೇಜು ಬಂತು. ಆಗಿನ ಸೈಕ್ಸ್ ಲಾ ಕಾಲೇಜು ಈಗ ಶಹಾಜಿ ಲಾ ಕಾಲೇಜು. ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಅಲ್ಲಿಯ ವಿದ್ಯಾರ್ಥಿ. 1939ರಲ್ಲಿ ಬೆಳಗಾವಿಯಲ್ಲೇ ರಾಜಾ ಲಖಮಗೌಡ ಲಾ ಕಾಲೇಜು ಶುರುವಾಯಿತು. ಕಾಲೇಜುಗಳಿಗೆ ಕಟ್ಟಡ ಇದೆ, ಹಾಜರಿ ಪುಸ್ತಕ ಇದೆ, ಶತಮಾನೋತ್ಸವ ಇದೆ. ಬಾಗಿಲು ಮುಚ್ಚಿದ ಖಾಸಗಿ ಕ್ಲಾಸಿಗೆ ಅದು ಯಾವುದೂ ಇಲ್ಲ. ಅದರ ನೆನಪು ಉಳಿಯಬೇಕಾದದ್ದು ಕಲಿತವರ ಮನೆಯ ಕಾಗದಗಳಲ್ಲಿ.

ಆ ಕಾಗದಗಳದ್ದೇ ನನ್ನ ಚಿಂತೆ. ನಮ್ಮ ಮನೆತನದಲ್ಲೂ ಪ್ಲೀಡರುಗಳಿದ್ದರು. ಬಾಗಲಕೋಟೆಯ ಹಳೇ ಮನೆ ಮಾರುವಾಗ ಅಟ್ಟದ ಮೇಲಿನ ಟ್ರಂಕುಗಳು ತೂಕಕ್ಕೆ ಹೋದವು. ನಾನು ಪುಣೆಯಿಂದ ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಿಂದೂ ಕಾನೂನಿನ ನೋಟ್ಸು, ದಾವೆಯ ಕರಡು, ಮರಾಠಿಯ ಹಳೇ ಮೋಡಿ ಲಿಪಿಯ ದಸ್ತಾವೇಜು ಎಲ್ಲ ರದ್ದಿಯಾಗಿ ಹೋದದ್ದು ಇಂದಿಗೂ ಹೊಟ್ಟೆ ಉರಿಸುತ್ತದೆ. ಉತ್ತರ ಕರ್ನಾಟಕದ ಊರೂರಿನಲ್ಲಿ ಇಂಥ ವಕೀಲರ ಮನೆಗಳಿವೆ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಮನೆಗಳು ಒಂದೊಂದಾಗಿ ಬೀಳುತ್ತಿವೆ.

ನಿಮ್ಮ ಓದುಗರಲ್ಲಿ ಕೈಮುಗಿದು ಕೇಳುತ್ತೇನೆ. ಅಜ್ಜ, ಮುತ್ತಜ್ಜ ಪ್ಲೀಡರ್ ಆಗಿದ್ದರೆ ಸುಮ್ನೆ ಒಮ್ಮೆ ಟ್ರಂಕು ತೆಗೆದು ನೋಡಿ. 1890ರಿಂದ 1897ರ ನಡುವಿನ ಸನದು, ಪುಣೆಯಿಂದ ಬರೆದ ಕಾಗದ, ಫೀಸಿನ ಚೀಟಿ, ಕೈಬರಹದ ನೋಟ್ಸು ಸಿಕ್ಕರೆ ಮೊದಲು ಫೋಟೊ ತೆಗೆದಿಡಿ. ಮೋಡಿಯಲ್ಲಿದೆ, ಓದಲು ಬರುವುದಿಲ್ಲ ಎಂದು ಎಸೆಯಬೇಡಿ. ಪುಣೆಯಲ್ಲಿ ಮೋಡಿ ಓದುವವರು ಇನ್ನೂ ಇದ್ದಾರೆ. ಇಲ್ಲಿಯ ಕನ್ನಡ ಸಂಘದವರು ಮತ್ತು ಧಾರವಾಡದ ವಿದ್ಯಾವರ್ಧಕ ಸಂಘದವರು ಕೂಡಿ ಇಂಥ ಕಾಗದಗಳ ಒಂದು ಪಟ್ಟಿ ಮಾಡಬೇಕು. ಜಿಲ್ಲಾ ವಕೀಲರ ಸಂಘಗಳೂ ತಮ್ಮ ಹಳೇ ಸದಸ್ಯರ ದಾಖಲೆ ತೆಗೆದು ನೋಡಬೇಕು. ತಾವು ಈ ಪತ್ರ ಪ್ರಕಟಿಸಿದರೆ ಉಪಕಾರವಾಗುತ್ತದೆ. ಓದುಗರು ಕಳಿಸುವ ಮಾಹಿತಿಗೆ ಭಾನುವಾರದ ಪುರವಣಿಯಲ್ಲಿ ಸ್ವಲ್ಪ ಜಾಗ ಕೊಟ್ಟರೆ ಇನ್ನೂ ಸಂತೋಷ.

ಇಂತಿ,
ತಮ್ಮ ಬಹುಕಾಲದ ಓದುಗ,
ಕೊತ್ರೂಡ್, ಪುಣೆ