ಕೊನೆ ತೂಬಿನಿಂದ ಶುರು ಮಾಡು

ಮಂಡ್ಯ

ಚಿರಂಜೀವಿ ಸಿಂಚನಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮಪ್ಪನ ಮಂಡಿ ನೋವು ಈಗ ಪರವಾಗಿಲ್ಲ, ನೀನು ಅದರ ಚಿಂತೆ ಬಿಡು.

ನಿನ್ನ ಕಾಗದ ಓದಿ ತುಂಬಾ ಸಂತೋಷ ಆಯ್ತು. ವಿಶ್ವೇಶ್ವರಯ್ಯ ನಾಲೆ ಬಯಲಿನ ನೀರು, ಭತ್ತ, ಕಬ್ಬು, ರೈತರ ಸಂಸಾರ ಎಲ್ಲವನ್ನೂ ಸೇರಿಸಿ ಒಂದು ಕಂಪ್ಯೂಟರ್ ಮಾಡೆಲ್ ಕಟ್ಟುತ್ತೇನೆ ಅಂತ ಬರೆದಿದ್ದೀಯ. ನಿನ್ನ ಮಕ್ಕಳ ಕಾಲಕ್ಕೆ ಈ ಬಯಲು ಹೇಗಿರುತ್ತೆ ಅಂತ ತಿಳಿಯುವ ಆಸೆ ನಿನಗೆ. ಎಲ್ಲಿಂದ ಶುರು ಮಾಡಲಿ, ಯಾವ ಅಂಕಿ ನಂಬಲಿ ಅಂತ ಕೇಳಿದ್ದೀಯ. ಅಂಕಿಅಂಶದ ಕೆಲಸದಲ್ಲೇ ನನ್ನ ಜೀವನ ಕಳೆಯಿತು. ಹಾಗಾಗಿ ಕಾಗದ ಸ್ವಲ್ಪ ಉದ್ದ ಆದರೂ ಪೂರ್ತಿ ಓದು.

ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆಆರ್‌ಎಸ್‌ನಿಂದ, ಶುರು ಮಾಡಬೇಡ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಯಾಕೆಂದರೆ ಲೆಕ್ಕ ಸಲೀಸಾಗಿ ಸಿಗುವುದು ಅಲ್ಲೇ. ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ, ಇವತ್ತಿನ ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ ಪೇಪರಿನಲ್ಲಿ ದಿನಾ ಬರುತ್ತೆ. ನಾಲೆಗೆ ಇಷ್ಟು ಕ್ಯೂಸೆಕ್ ಬಿಟ್ಟರೆ ಇಷ್ಟು ಎಕರೆ ನೆನೆಯುತ್ತೆ ಅಂತ ಭಾಗಿಸಿಬಿಡಬಹುದು. ಆಮೇಲೆ ಮಳವಳ್ಳಿ ಕಡೆಗೋ ಮದ್ದೂರಿನ ಕಡೆಗೋ ಹೋಗಿ, ನಾಲೆಯ ಕೊನೆ ತೂಬಿನ ಹತ್ತಿರ ನಿಂತು ನೋಡು. ಮೇಲೆ ನೀರು ಬಿಟ್ಟು ಎಷ್ಟೋ ದಿನ ಆಗಿರುತ್ತೆ. ಇಲ್ಲಿ ಒಟ್ಲು, ಅಂದರೆ ನಾಟಿಗೆ ಬೆಳೆಸಿದ ಸಸಿ, ಒಣಗುತ್ತಿರುತ್ತೆ.

ಆ ನೀರೆಲ್ಲ ಎಲ್ಲಿ ಹೋಯಿತು? ಸ್ವಲ್ಪ ಸೋರಿತು. ಸ್ವಲ್ಪ ಹೂಳಿನಲ್ಲಿ, ಜೊಂಡಿನಲ್ಲಿ ನಿಂತುಹೋಯಿತು. ಬಾಕಿದ್ದಕ್ಕೆಲ್ಲ ಜನರೇ ಕಾರಣ. ಮೇಲಿನವರು ಭತ್ತ ಬಿಟ್ಟು ಕಬ್ಬು ಹಾಕಿರುತ್ತಾರೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟು ನಿಲ್ಲಿಸುತ್ತಾರೆ ಅಂದ ಕೂಡಲೇ, ಮುಂದಿನ ಕಟ್ಟು ಬರುತ್ತೋ ಇಲ್ಲವೋ ಅನ್ನುವ ಭಯ ಹುಟ್ಟುತ್ತೆ. ಆ ಭಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ನೀರು ಕಟ್ಟಿಕೊಳ್ಳುತ್ತಾರೆ. ಹಾಗೆ ಕಟ್ಟಿಕೊಂಡಿದ್ದರಿಂದಲೇ ಕೊನೆಯವರಿಗೆ ನೀರು ತಲುಪುವುದಿಲ್ಲ. ಅವರು ಮುಂದಿನ ವರ್ಷ ಇನ್ನೂ ಜಾಸ್ತಿ ಹೆದರುತ್ತಾರೆ. ಇದರ ಮೇಲೆ ತಮಿಳುನಾಡಿಗೆ ಹೋಗುವ ಕಾವೇರಿ ನೀರನ್ನು ಗಡಿಯಲ್ಲಿ ಅಳೆಯುವ ಬಿಳಿಗುಂಡ್ಲು ಲೆಕ್ಕ ಬೇರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ಮಳೆಯ ವರ್ಷದಲ್ಲಿ ಅಲ್ಲಿ 177.25 ಟಿಎಂಸಿ ಹರಿಯಬೇಕು. 2023ರಂತೆ ಮಳೆ ಕೈಕೊಟ್ಟು ಕಟ್ಟೆ ತುಂಬದ ವರ್ಷ, ನಾಲೆಗೆ ನೀರು ಯಾವತ್ತು ಬಿಡುತ್ತಾರೆ ಅನ್ನುವುದು ಕೋರ್ಟು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ, ಬೀದಿ ಹೋರಾಟ ಎಲ್ಲ ದಾಟಿಕೊಂಡು ಬರುವ ತೀರ್ಮಾನ.

ಡಿಸ್ಸಾಟ್, ಅಕ್ವಾಕ್ರಾಪ್ ಮುಂತಾದ ಬೆಳೆ ಮಾಡೆಲ್‌ಗಳನ್ನು ಕಲಿಯುತ್ತಿದ್ದೀಯ, ಒಳ್ಳೆಯದು. ಬಿಸಿಲು ಇಷ್ಟು, ನೀರು ಇಷ್ಟು, ಸಾರಜನಕ ಇಷ್ಟು ಸಿಕ್ಕರೆ ಪೈರು ಹೇಗೆ ಬೆಳೆಯುತ್ತೆ ಅಂತ ಅವು ಚೆನ್ನಾಗಿ ಹೇಳುತ್ತವೆ. ಅವನ್ನು ಬಿಡಬೇಡ. ಆದರೆ ನಮ್ಮ ಬಯಲಿನಲ್ಲಿ ಪೈರಿಗೆ ಎಷ್ಟು ನೀರು ಸಿಗುತ್ತೆ ಅಂತ ತೀರ್ಮಾನಿಸುವುದು ಮನುಷ್ಯರು. ನಾನು ಮೇಲೆ ಹೇಳಿದ ಆ ಭಯ ನಿನ್ನ ಮಾಡೆಲಿನೊಳಗೆ ಇರಲೇಬೇಕು. ಅದಿಲ್ಲದೆ ಬರೀ ಮಣ್ಣು ನೀರು ಲೆಕ್ಕ ಹಾಕಿದರೆ, ನೀನು ಮಾಡಿದ್ದು ಜನರೇ ಇಲ್ಲದ ಯಾವುದೋ ಊರಿನ ಲೆಕ್ಕ ಆಗುತ್ತೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಒಳ್ಳೆ ಅಧ್ಯಯನ ಆಗಿದೆ, ನಿಮ್ಮ ಮೇಷ್ಟರು ಹೇಳಿದ್ದಾರೋ ಇಲ್ಲವೋ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಅನ್ನುವ ಹೆಣ್ಣುಮಗಳು ಇಂಗ್ಲೆಂಡಿನಿಂದ ಬಂದು ಮಂಡ್ಯದ ಹಳ್ಳಿಗಳಲ್ಲಿ ಇದ್ದು ಕೆಲಸ ಮಾಡಿದರು. ನಾಲೆ ನೀರು ಬಂದ ಒಂದು ಊರು, ನೀರು ಏರದೆ ಖುಷ್ಕಿಯಾಗೇ ಉಳಿದ ಇನ್ನೊಂದು ಊರು. ಊರುಗಳ ನಿಜವಾದ ಹೆಸರು ಬರೆಯದೆ, ನೀರು ಬಂದದ್ದನ್ನು ವಂಗಲ, ಬಾರದ್ದನ್ನು ದಲೇನ ಅಂತ ಕರೆದರು. ನೀರು ಬಂದ ಊರೇ ಜಾಸ್ತಿ ಬದಲಾಗಿರುತ್ತೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಅಲ್ಲಿ ದುಡ್ಡು ಬಂತು, ಆದರೆ ಬೇಸಾಯವೇ ಬದುಕಾಗಿ ಮುಂದುವರಿಯಿತು, ಊರಿನ ಹಳೇ ಕಟ್ಟುಪಾಡು ಬಹುಪಾಲು ಹಾಗೇ ಉಳಿಯಿತು. ನೀರು ಬಾರದ ಊರಿನವರು ಸುತ್ತಲಿನ ನೀರಾವರಿಯಿಂದ ಹುಟ್ಟಿದ ಕೆಲಸ ಹಿಡಿದರು. ಗಾಡಿ ಹೊಡೆದರು, ವ್ಯಾಪಾರ ಮಾಡಿದರು, ಮಂಡ್ಯಕ್ಕೆ ಕೆಲಸಕ್ಕೆ ಹೋದರು. ಊರಿನೊಳಗಿನ ಸಂಬಂಧಗಳು ಜಾಸ್ತಿ ಅಲುಗಾಡಿದ್ದು ಅಲ್ಲಿ.

ನಿನ್ನ ನಕ್ಷೆಯಲ್ಲಿ ನಾಲೆ ನೀರು ಹರಿಯುವ ಅಚ್ಚುಕಟ್ಟು ಪ್ರದೇಶದ ಸುತ್ತ ಗೆರೆ ಹಾಕಿ, ಹೊರಗಿನದ್ದೆಲ್ಲ ಬಿಟ್ಟಿದ್ದೀಯ. ಆ ಗೆರೆ ಹಾಕಿದಾಗಲೇ ದಲೇನದಂಥ ಊರುಗಳೆಲ್ಲ ಕಥೆಯಿಂದ ಆಚೆ ಹೋದವು. ದಯವಿಟ್ಟು ಗೆರೆಯನ್ನು ಇನ್ನೊಂದಿಷ್ಟು ಊರು ದಾಟಿಸು.

ಇನ್ನು ಅಂಕಿಯ ಮಾತು. ಭತ್ತದ ಇಳುವರಿ ಅಂತ ನೀನು ಇಳಿಸಿಕೊಂಡಿರುವ ಪಟ್ಟಿ ಬೆಳೆ ಕಟಾವು ಪ್ರಯೋಗದಿಂದ ಬಂದದ್ದು. ಅದು ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ಯಾಕೆಂದರೆ ನಿನ್ನ ಮಾಡೆಲ್ ಸರಿಯೋ ತಪ್ಪೋ ಅಂತ ನೀನು ಒರೆಗೆ ಹಚ್ಚುವುದು ಇದರ ಮೇಲೇ.

ಮೊದಲು ಸರ್ವೆ ನಂಬರನ್ನು ಯಾದೃಚ್ಛಿಕ ಸಂಖ್ಯೆಯಿಂದ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸುತ್ತಾರೆ. ಗದ್ದೆಗೆ ಹೋಗಿ ನೈಋತ್ಯ ಮೂಲೆಯಲ್ಲಿ ನಿಲ್ಲಬೇಕು. ಅಲ್ಲಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ, ಅದೂ ಯಾದೃಚ್ಛಿಕ ಸಂಖ್ಯೆಯೇ. ನಿಂತ ಜಾಗದಲ್ಲಿ ಗೂಟ ಹೊಡೆದು 5 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಹಗ್ಗ ಎಳೆಯುತ್ತಾರೆ. ಕರ್ಣ 7.07 ಮೀಟರ್ ಬಂದರೆ ಚೌಕ ಸರಿಯಾಗಿದೆ ಅಂತ. ಹಗ್ಗದ ಮೇಲೇ ಬರುವ ಪೈರನ್ನು ನೋಡುವಾಗ ಬಗ್ಗಬೇಕು. ಬುಡ ಒಳಗಿದ್ದರೆ ಒಳಗೆ, ತೆನೆ ಮಾತ್ರ ಒಳಕ್ಕೆ ವಾಲಿದ್ದರೆ ಅದು ಹೊರಗೆ. ಆಮೇಲೆ ಕೊಯ್ದು, ಬಡಿದು, ತೂರಿ, ತೂಕ ಹಾಕುವುದು.

ಆ ಚೌಕ 25 ಚದರ ಮೀಟರ್. ಹೆಕ್ಟೇರಿನ ನಾನೂರನೇ ಒಂದು ಪಾಲು. ಅಂದರೆ ಆ ತಕ್ಕಡಿಯಲ್ಲಿ ಒಂದು ಕೆಜಿ ಹೆಚ್ಚು ಕಮ್ಮಿ ಆದರೆ ಹೆಕ್ಟೇರಿಗೆ 4 ಕ್ವಿಂಟಾಲ್ ಹೆಚ್ಚು ಕಮ್ಮಿ. ನಾಲ್ಕೈದು ಬುಡ ಹಗ್ಗದ ಒಳಗೋ ಹೊರಗೋ ಅನ್ನುವುದಕ್ಕೂ ಬೆಲೆ ಇದೆ. ಇದು ಹೊಸ ಚರ್ಚೆಯೇನೂ ಅಲ್ಲ. 1940ರ ದಶಕದಲ್ಲೇ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆಯವರು, ತೀರಾ ಚಿಕ್ಕ ಜಾಗ ಅಳೆದರೆ ಅಂಚಿನ ಪೈರು ಒಳಗೆ ಸೇರಿ ಇಳುವರಿ ಜಾಸ್ತಿ ತೋರಿಸುತ್ತೆ ಅಂತ ಲೆಕ್ಕ ಸಮೇತ ತೋರಿಸಿದ್ದರು. ಬಂಗಾಳದಲ್ಲಿ ಚಿಕ್ಕ ಜಾಗ ಅಳೆದೇ ಸಮೀಕ್ಷೆ ನಡೆಸಿದ್ದವರು ದೊಡ್ಡ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್. ಅಂಥವರೇ ಈ ಹಗ್ಗದ ಅಂಚಿನ ವಿಚಾರಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದರು.

2016ರಲ್ಲಿ ಬೆಳೆ ವಿಮೆಯ ಫಸಲ್ ಬಿಮಾ ಯೋಜನೆ ಬಂದ ಮೇಲೆ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಗೆ ಕನಿಷ್ಠ 4 ಪ್ರಯೋಗ ಆಗಬೇಕು. ಊರಿಗೆಲ್ಲ ಪರಿಹಾರ ಬಹುಪಾಲು ಆ ಪ್ರಯೋಗಗಳ ಸರಾಸರಿ ಮೇಲೆ ನಿಂತಿದೆ. ಗದ್ದೆಯ ಬದುವಿನ ಮೇಲೆ ಊರೇ ಬಂದು ನಿಲ್ಲುತ್ತೆ. ಹಗ್ಗ ಎಳೆಯುವವರ ಕೈ ಮೇಲೆ ಎಷ್ಟು ಕಣ್ಣು ಇರುತ್ತೆ ಅಂತ ನೀನೇ ಯೋಚಿಸು. ಕೆಸರಾಗಿದೆ, ಒಳಗಿನ ಗದ್ದೆಗೆ ಹೋಗೋದು ಕಷ್ಟ, ರಸ್ತೆ ಪಕ್ಕದ್ದರಲ್ಲೇ ಮುಗಿಸೋಣ ಅಂದವರನ್ನೂ ನಾನು ನೋಡಿದ್ದೇನೆ. ರಸ್ತೆ ಪಕ್ಕದ ಗದ್ದೆಗೆ ಸಾಮಾನ್ಯವಾಗಿ ನೀರೂ ಗೊಬ್ಬರವೂ ಬೇಗ ಸಿಗುತ್ತೆ. ಕೊನೆ ತೂಬಿನವರ ಬೆಳೆ ಹಾಗೆ ಕಡತದಲ್ಲೇ ಮಾಯ ಆಗುತ್ತೆ. ಇದಕ್ಕಾಗಿ ಆ ಪಟ್ಟಿ ಬಿಸಾಕು ಅಂತ ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ನಿಂತು ಪ್ರಾಮಾಣಿಕವಾಗಿ ಹಗ್ಗ ಎಳೆದವರೇ ಜಾಸ್ತಿ. ಅಂಕಿಯ ಪಕ್ಕದಲ್ಲಿ ಯಾರು, ಯಾವ ಗದ್ದೆಯಲ್ಲಿ, ಯಾವ ದಿನ ಅಳೆದರು ಅನ್ನುವುದನ್ನೂ ಬರೆದಿಟ್ಟುಕೋ. ಆ ಮೂರು ಸಿಗದ ಅಂಕಿಗೆ ನಿನ್ನ ಮಾಡೆಲಿನಲ್ಲಿ ಕಡಿಮೆ ತೂಕ ಕೊಡು.

ಉಪಗ್ರಹದ ಚಿತ್ರ ಇದೆಯಲ್ಲ ಅನ್ನುತ್ತೀಯ. ಇದೆ. ಸೆಂಟಿನೆಲ್-2ರ ಒಂದು ಪಿಕ್ಸೆಲ್ 10 ಮೀಟರ್ ಉದ್ದಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್. ಆಕಾಶದಿಂದ ಒಂದೊಂದು ಗುಂಟೆಯನ್ನೂ ಬೇರೆ ಬೇರೆಯಾಗಿ ನೋಡಬಹುದು ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. ಮುಂಗಾರಿನ ಮೋಡಕ್ಕೆ ಅದು ಕಾಣದಿದ್ದರೂ ಸೆಂಟಿನೆಲ್-1ರ ರಾಡಾರ್ ಮೋಡ ದಾಟಿ ನೋಡುತ್ತೆ. ನೀರು ನಿಂತ ನಾಟಿ ಗದ್ದೆ ಅದರಲ್ಲಿ ಕಪ್ಪಗೆ ಕಾಣುತ್ತೆ. ಕೊನೆ ತೂಬಿಗೆ ನೀರು ಯಾವತ್ತು ತಲುಪಿತು ಅಂತ ಹಿಡಿಯಲು ಅದು ಒಳ್ಳೆ ಸಾಕ್ಷಿ, ಬಳಸಿಕೋ. ಆದರೆ ಆ ಗದ್ದೆಯನ್ನು ಯಾರು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದಾರೆ ಅಂತ ಅದು ಹೇಳುವುದಿಲ್ಲ. ಪಹಣಿಯಲ್ಲಿ ಬೆಂಗಳೂರಿನಲ್ಲಿರುವ ಯಜಮಾನರ ಹೆಸರು ಇರಬಹುದು. ಬೇಸಾಯ ಮಾಡುವವನು ಬೇರೆ, ನಾಟಿ ಹಾಕಿ ಕಳೆ ಕೀಳುವ ಹೆಂಗಸರು ಬೇರೆ. ಊರಿಗೆ ಹೋದಾಗ ಯಜಮಾನರು ಮನೇಲಿಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡ. ಆ ಹೆಂಗಸರ ಹತ್ತಿರ ಕೂತು ಮಾತಾಡು. ನೀರು ಯಾವತ್ತು ಬಂತು, ಯಾವತ್ತು ಕೂಲಿ ಸಿಗಲಿಲ್ಲ ಅಂತ ದಿನ ಸಮೇತ ಹೇಳುವವರು ಅವರು.

ಕಬ್ಬಿನ ವಿಚಾರ ಮರೆತಿದ್ದೆ. ನಿನ್ನ ಲೆಕ್ಕದಲ್ಲಿ ಬೆಲೆ ಬಿದ್ದ ಮರುವರ್ಷವೇ ಕಬ್ಬಿನ ಎಕರೆ ಕಮ್ಮಿ ಆಗುತ್ತೆ. ನಮ್ಮಲ್ಲಿ ಹಾಗಾಗುವುದಿಲ್ಲ. ಒಮ್ಮೆ ನಾಟಿ ಮಾಡಿದ ಮೇಲೆ, ಕಡಿದ ಬುಡದಿಂದಲೇ ಮತ್ತೆ ಚಿಗುರಲಿ ಅಂತ ಕೂಳೆ ಬಿಡುತ್ತಾರೆ. ಬೀಜದ ಖರ್ಚು ಇಲ್ಲ, ಉಳುಮೆ ಇಲ್ಲ, ಅದನ್ನು ಯಾರು ಕಿತ್ತುಹಾಕುತ್ತಾರೆ? ಬೆಲೆ ಬಿದ್ದರೂ ಕಬ್ಬು ಗದ್ದೆಯಲ್ಲೇ ಇರುತ್ತೆ, ನೀರೂ ಕುಡಿಯುತ್ತಿರುತ್ತೆ. ಕಾರ್ಖಾನೆಗೆ ಕೊಡುವುದೋ ಆಲೆಮನೆಗೆ ಹೊಡೆಯುವುದೋ ಅನ್ನುವುದು ಬೆಲ್ಲದ ಧಾರಣೆ, ಕಟಾವಿಗೆ ಆಳು ಸಿಗುವುದು, ಕೈಗೆ ದುಡ್ಡು ಎಷ್ಟು ಬೇಗ ಬೇಕು ಅನ್ನುವುದರ ಮೇಲೆ ಹೋಗುತ್ತೆ. ಮಗಳ ಮದುವೆ ಇರುವ ಮನೆಯವರು ಕಾಯುವುದಿಲ್ಲ.

ಇನ್ನೊಂದು, ನಾಲೆಗೆ ಕಾಂಕ್ರೀಟ್ ಹಾಕಿದರೆ ಇಷ್ಟು ನೀರು ಉಳಿಯುತ್ತೆ ಅಂತ ಬರೆದಿದ್ದೀಯಲ್ಲ. ಸೋರಿ ಹೋಗುವ ಆ ನೀರೇ ಪಕ್ಕದ ಬಾವಿಗಳ ಒರತೆ. ಸೋರಿಕೆ ನಿಲ್ಲಿಸಿದರೆ ಕೊನೆಯವರಿಗೆ ಲಾಭ ಆಗಬಹುದು, ನಡುವಿನ ಬಾವಿಯವರಿಗೆ ನಷ್ಟ. ಎರಡೂ ಖಾತೆ ಬರೆ.

ಮಾಡೆಲಿನಿಂದ ಜನರಿಗೆ ನಿಜವಾಗಿ ಏನು ಉಪಯೋಗ ಅಂತ ನಿಮ್ಮಮ್ಮ ಕೇಳಿದಳು. ನಾನು ಅವಳಿಗೆ ಇಂಡೊನೇಷ್ಯಾದ ಬಾಲಿ ದ್ವೀಪದ ಕಥೆ ಹೇಳಿದೆ. ಅಲ್ಲಿ ರೈತರ ನೀರಿನ ಕೂಟಗಳಿಗೆ ಸುಬಾಕ್ ಅಂತಾರೆ. ಯಾರು ಯಾವಾಗ ನಾಟಿ ಮಾಡಬೇಕು ಅಂತ ನೀರಿನ ಗುಡಿಗಳಲ್ಲಿ ಸೇರಿ ಗೊತ್ತು ಮಾಡುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ, ಆ ಹಳೇ ಕ್ರಮ ಬಿಡಿ, ಎಷ್ಟು ಸಲ ಆಗುತ್ತೋ ಅಷ್ಟು ಸಲ ಹೊಸ ತಳಿ ನಾಟಿ ಮಾಡಿ ಅಂತ ಒತ್ತಾಯ ಮಾಡಿತು. ನೀರಿಗೆ ತತ್ವಾರ ಆಯಿತು, ಕಂದು ಜಿಗಿಹುಳು ಮುತ್ತಿತು. ಸ್ಟೀಫನ್ ಲ್ಯಾನ್ಸಿಂಗ್ ಅನ್ನುವ ಮಾನವಶಾಸ್ತ್ರಜ್ಞರು, ಜೇಮ್ಸ್ ಕ್ರೆಮರ್ ಅನ್ನುವ ಪರಿಸರ ವಿಜ್ಞಾನಿ ಸೇರಿ ಎರಡು ನದಿಗಳ 172 ಸುಬಾಕ್‌ಗಳನ್ನು ಕಂಪ್ಯೂಟರಿಗೆ ಹಾಕಿದರು. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಕೊಯ್ಲಿನ ಮೇಲೆ ಹುಳಕ್ಕೆ ಮೇವಿರುವುದಿಲ್ಲ, ಆದರೆ ನೀರು ಸಾಲುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತು ಮಾಡಿದರೆ ನೀರು ಸಾಲುತ್ತೆ, ಹುಳ ಗದ್ದೆಯಿಂದ ಗದ್ದೆಗೆ ಹಾರುತ್ತೆ. ಎರಡಕ್ಕೂ ಸರಿಹೊಂದುವ ದಾರಿ ಬಂದಿದ್ದು ಸುಮಾರಾಗಿ ಆ ಗುಡಿಗಳ ಗುಂಪಿನ ಪ್ರಕಾರ ನಾಟಿ ಮಾಡಿದಾಗ. ಅವರು ಮೊದಲು ಹೋಗಿ, ಇಲ್ಲಿ ತೀರ್ಮಾನ ಮಾಡುವವರು ಯಾರು ಅಂತ ಕೇಳಿದ್ದರು ಕಣೇ. ಆಮೇಲೆ ಕಂಪ್ಯೂಟರ್ ಮುಟ್ಟಿದ್ದು.

ನೀನೂ ಹಾಗೇ ಮಾಡು. ಮೊದಲ ಫಲಿತಾಂಶ ಬಂದಾಗ ಇಂಗ್ಲಿಷಿನಲ್ಲಿ ಪ್ರಬಂಧ ಕಳಿಸುವ ಮುಂಚೆ, ಕನ್ನಡದಲ್ಲಿ ಒಂದು ಹಾಳೆ ಬರೆದು ಮಳವಳ್ಳಿ ಕಡೆಯ ರೈತರಿಗೆ ಓದಿ ಹೇಳು. ಒಂದೇ ಸಂಖ್ಯೆ ಹೇಳಬೇಡ, ಇಷ್ಟರಿಂದ ಇಷ್ಟರವರೆಗೆ ಅಂತ ಹೇಳು. ಇದು ಸುಳ್ಳು ಕಣಮ್ಮ ಅಂತ ಯಾರಾದರೂ ಅಂದರೆ ಮುಖ ಸಣ್ಣ ಮಾಡಿಕೊಳ್ಳದೆ ಯಾಕೆ ಅಂತ ಕೇಳಿ ಬರೆದುಕೋ.

ಕೊಯ್ಲಿನ ಹೊತ್ತಿಗೆ, ನವೆಂಬರ್ ಕೊನೆಗೆ, ರಜೆ ಹಾಕಿ ಬಾ. ಕಟಾವು ಪ್ರಯೋಗ ನಡೆಯುವ ಗದ್ದೆಗೆ ಕರೆದುಕೊಂಡು ಹೋಗುತ್ತೇನೆ, ಈಗಲೂ ಅಲ್ಲಿ ಕೆಲಸ ಮಾಡುವವರು ನನಗೆ ಗೊತ್ತು. ನಿನ್ನ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬಾ, ಫೋನಿನಲ್ಲಿ ತೋರಿಸಿದರೆ ವಯಸ್ಸಾದವರಿಗೆ ಕಾಣುವುದಿಲ್ಲ. ಬರುವ ದಿನ ಮೊದಲೇ ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ