ಆ ಸಣ್ಣ ಪದ ಯಾರ ಕೈ ಹಿಡಿದಿದೆ?

ಪ್ರೀತಿಯ ತಮ್ಮ,

ನಿನ್ನ ಮೂರು ಕಥೆಗಳೂ ಅವುಗಳ ಇಂಗ್ಲಿಷ್ ಅನುವಾದವೂ ತಲುಪಿದವು. ಕನ್ನಡದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ನಿನ್ನ ಕೈ ಪಳಗಿದೆ. ಇಂಗ್ಲಿಷ್ ಓದುವಾಗ ಮಾತ್ರ ಪೆನ್ಸಿಲ್ ಹಿಡಿದೆ. ಸ್ಪೆಲಿಂಗ್ ತಪ್ಪಿಲ್ಲ, ಟೆನ್ಸ್ ತಪ್ಪಿಲ್ಲ. ಆದರೂ ಪುಟಕ್ಕೆ ಐದಾರು ಕಡೆ ಗುರುತು ಬಿದ್ದಿದೆ. ನೋಡಿದರೆ ಎಲ್ಲವೂ ಚಿಲ್ಲರೆ ಪದಗಳು: ಅಂಡ್, ಆರ್, ಓನ್ಲಿ, ಈವನ್, ಆಲ್ಸೋ, ಆಲ್ಮೋಸ್ಟ್. ದೊಡ್ಡ ಪದಗಳನ್ನೆಲ್ಲ ಡಿಕ್ಷನರಿ ನೋಡಿ ಸರಿಯಾಗಿ ಹಾಕಿದ್ದೀಯ. ಇವನ್ನು ಯಾರು ಡಿಕ್ಷನರಿಯಲ್ಲಿ ಹುಡುಕುತ್ತಾರೆ, ಅಲ್ವಾ?

ಮೊದಲ ಕಥೆಯ ವಿಧವೆಯನ್ನೇ ತಗೋ. ಕನ್ನಡದಲ್ಲಿ ನೀನು ಬರೆದದ್ದು 'ಅವಳು ಹೆಚ್ಚುಕಡಿಮೆ ಎಲ್ಲ ದುಡ್ಡನ್ನೂ ಕಳೆದುಕೊಂಡಳು' ಅಂತ. ಇಂಗ್ಲಿಷಿನಲ್ಲಿ ಅದು 'ಶಿ ಆಲ್ಮೋಸ್ಟ್ ಲಾಸ್ಟ್ ಆಲ್ ಹರ್ ಮನಿ' ಆಗಿದೆ. ಓದಿದವರಿಗೆ ಏನನ್ನಿಸುತ್ತದೆ? ಇನ್ನೇನು ಕಳೆದುಕೊಳ್ಳುವುದರಲ್ಲಿದ್ದಳು, ಸದ್ಯ ಬಚಾವಾದಳು ಅಂತ. ಮುಂದಿನ ಪುಟದಲ್ಲಿ ಅವಳು ಸಾಲ ಕೇಳೋಕೆ ಹೊರಟಾಗ ಓದುಗ ತಲೆ ಕೆರೆದುಕೊಳ್ಳುತ್ತಾನೆ. 'ಶಿ ಲಾಸ್ಟ್ ಆಲ್ಮೋಸ್ಟ್ ಆಲ್ ಹರ್ ಮನಿ' ಅಂದಿದ್ದರೆ ಸರಿಹೋಗುತ್ತಿತ್ತು. ಆಲ್ಮೋಸ್ಟ್ ಒಂದೇ ಒಂದು ಹೆಜ್ಜೆ ಬಲಕ್ಕೆ ಸರಿಯಬೇಕಿತ್ತು. ನೀನು ಬರೆದದ್ದರಲ್ಲಿ ಅದು 'ಲಾಸ್ಟ್' ಕೈ ಹಿಡಿದಿದೆ. ಹಿಡಿಯಬೇಕಾಗಿದ್ದದ್ದು 'ಆಲ್ ಹರ್ ಮನಿ' ಕೈಯನ್ನು.

ಶಾಲೆಯಲ್ಲಿ ನಮಗೆಲ್ಲ ಒಂದು ಸಾಲು ಬಾಯಿಪಾಠ ಮಾಡಿಸಿದ್ದರು. ಅಡ್ವರ್ಬ್ ಅನ್ನುವುದು ಕ್ರಿಯಾಪದದ ಜೊತೆ ಬರುತ್ತದೆ, ವಿಶೇಷಣದ ಜೊತೆ ಬರುತ್ತದೆ, ಇನ್ನೊಂದು ಅಡ್ವರ್ಬ್ ಜೊತೆ ಬರುತ್ತದೆ. ನಾಮಪದದ ಗೊಡವೆ ಅದಕ್ಕಿಲ್ಲ. ಇದು ಅರ್ಧ ಸತ್ಯ ಅಷ್ಟೇ. 'ಈವನ್ ದ ಕಿಂಗ್', 'ಓನ್ಲಿ ದ ಚಿಲ್ಡ್ರನ್', 'ಆಲ್ಮೋಸ್ಟ್ ಎವ್ರಿಒನ್', 'ದ ರೂಮ್ ಅಪ್‌ಸ್ಟೇರ್ಸ್', ಇವೆಲ್ಲದರಲ್ಲೂ ಅಡ್ವರ್ಬ್ ಹೋಗಿ ಅಂಟಿಕೊಂಡಿರುವುದು ನೌನ್ ಫ್ರೇಜ್‌ಗೇ. ನೌನ್ ಫ್ರೇಜ್ ಅಂದರೆ ಒಂದು ನಾಮಪದ ಮತ್ತು ಅದರ ಹಿಂದೆ ಮುಂದೆ ಓಡಾಡುವ ಪರಿವಾರ. 'ಮೂಲೆಮನೆಯ ಆ ಇಬ್ಬರು ಮುದುಕರು' ಅನ್ನುವುದು ನಾಲ್ಕು ಪದ, ಆದರೆ ವಾಕ್ಯದ ಲೆಕ್ಕದಲ್ಲಿ ಒಂದೇ ತುಂಡು. ಸಣ್ಣ ಪದಗಳು ಇಂಥ ಇಡೀ ತುಂಡಿಗೇ ಗಂಟು ಬೀಳುತ್ತವೆ.

ನಿನ್ನ ತಪ್ಪುಗಳಿಗೆ ಇಂಗ್ಲಿಷ್ ಬರದಿರುವುದು ಕಾರಣ ಅಲ್ಲ. ಕನ್ನಡ ಚೆನ್ನಾಗಿ ಬರುವುದೇ ಕಾರಣ. ತಮಾಷೆಗೆ ಹೇಳುತ್ತಿಲ್ಲ. ನಮ್ಮಲ್ಲಿ ಈ ಕೆಲಸವನ್ನೆಲ್ಲ ಪದದ ಬಾಲದಲ್ಲಿರುವ ಒಂದು ಸ್ವರ ಮಾಡಿಬಿಡುತ್ತದೆ. 'ಊ' ನೋಡು. 'ಮಳೆಯೂ ಗಾಳಿಯೂ' ಅಂದಾಗ ಅದು ಅಂಡ್. 'ನಾನೂ ಬರ್ತೀನಿ' ಅಂದಾಗ ಆಲ್ಸೋ. 'ದೇವರೂ ಕ್ಷಮಿಸಲಾರ' ಅಂದಾಗ ಈವನ್. 'ಮೂವರೂ' ಅಂದಾಗ ಆಲ್. ಒಂದೇ ಸ್ವರ, ನಾಲ್ಕು ಕೆಲಸ. ಇನ್ನು ಒತ್ತು ಕೊಡುವ 'ಏ' ಇದೆ, ವ್ಯಾಕರಣದವರು ಅವಧಾರಣೆ ಅನ್ನುತ್ತಾರೆ. 'ನೀನೇ', 'ನಿನ್ನೆಯೇ', 'ಇಲ್ಲಿಯೇ'. ಇವು ಪದಕ್ಕೆ ಅಂಟಿಕೊಂಡೇ ಇರುತ್ತವೆ. ಯಾರ ಕೈ ಹಿಡಿದಿವೆ ಅಂತ ಕೇಳುವ ಪ್ರಮೇಯವೇ ಬರುವುದಿಲ್ಲ. ಬಿಡಿ ಪದಗಳಾದ 'ಮಾತ್ರ', 'ಕೂಡ', 'ಸಹ' ಇವೂ ತಮ್ಮ ನಾಮಪದದ ಬೆನ್ನಿಗೇ ನಿಲ್ಲುತ್ತವೆ.

ಇಂಗ್ಲಿಷಿನ ಸಣ್ಣ ಪದಗಳಿಗೆ ಅಂಟು ಇಲ್ಲ. ಎಲ್ಲಿ ನಿಲ್ಲಿಸುತ್ತೀಯೋ ಅಲ್ಲಿ ನಿಲ್ಲುತ್ತವೆ. ಅದೂ ಸಾಮಾನ್ಯವಾಗಿ ನಾಮಪದದ ಮುಂದೆ, ನಮ್ಮ ಹಾಗೆ ಹಿಂದೆ ಅಲ್ಲ. ನಾವು ಅಭ್ಯಾಸಬಲದಿಂದ ಹಿಂದೆ ಹಾಕಿಬಿಡುತ್ತೇವೆ. 'ಹಿ ಕೇಮ್ ಯೆಸ್ಟರ್ಡೇ ಓನ್ಲಿ' ಅನ್ನುವುದು 'ನಿನ್ನೆಯೇ ಬಂದ' ಅನ್ನುವುದರ ಪಡಿಯಚ್ಚು. ಆದರೆ ಇಂಗ್ಲಿಷಿನ ಓನ್ಲಿಗೆ 'ಮಾತ್ರ' ಅನ್ನುವ ಅರ್ಥ ಇದೆ, 'ಏ' ಅನ್ನುವ ಒತ್ತು ಇಲ್ಲ. ಹೊರಗಿನವರು ಓದಿದರೆ 'ನಿನ್ನೆ ಒಂದು ದಿನ ಮಾತ್ರ ಬಂದಿದ್ದ' ಅಂದುಕೊಳ್ಳುತ್ತಾರೆ. ನಿನ್ನ ಎರಡನೆಯ ಕಥೆಯ ಗುಮಾಸ್ತ ಹೀಗೆ ಮಾತಾಡುತ್ತಾನಲ್ಲ, ಅದನ್ನು ಮುಟ್ಟಬೇಡ. ಅವನ ಬಾಯಲ್ಲಿ ಅದು ಚಂದ. ಕಥೆ ಹೇಳುವವನ ಬಾಯಿಂದ ಮಾತ್ರ ತೆಗೆದುಬಿಡು.

'ಇಬ್ಬರೂ ಬರಲಿಲ್ಲ' ಅನ್ನುವುದೂ ಹೀಗೇ ಕಾಲು ಎಳೆಯುತ್ತದೆ. ನೀನು 'ಬೋತ್ ಡಿಡ್ ನಾಟ್ ಕಮ್' ಅಂದಿದ್ದೀಯ. ಇಬ್ಬರಲ್ಲಿ ಒಬ್ಬ ಬಂದಿರಬಹುದು ಅನ್ನುವ ಅನುಮಾನ ಅದರಲ್ಲಿ ಉಳಿಯುತ್ತದೆ. 'ನೈದರ್ ಕೇಮ್' ಅಂದರೆ ಮುಗಿಯಿತು. 'ನಾನೂ ಹೋಗಲಿಲ್ಲ' ಅನ್ನುವುದಕ್ಕೆ 'ಐ ಆಲ್ಸೋ ಡಿಡ್ ನಾಟ್ ಗೋ' ಬರೆದಿದ್ದೀಯ. ಅಲ್ಲಿ ಆಲ್ಸೋ ಬೇಡ, ಕೊನೆಗೊಂದು 'ಐದರ್' ಸಾಕು.

ಈಗ ಓನ್ಲಿ. ಇದನ್ನು ಪ್ರತಿ ವಾಕ್ಯದಲ್ಲಿ ಒಂದು ಸಲ ಎಳೆದಾಡಿ ನೋಡು, ಸುಮ್ನೆ ಆಟಕ್ಕೆ. 'ಓನ್ಲಿ ಐ ಲೆಂಟ್ ಹಿಮ್ ದ ಬುಕ್' ಅಂದರೆ ಪುಸ್ತಕ ಕೊಟ್ಟವನು ನಾನೊಬ್ಬನೇ, ಬೇರೆ ಯಾರೂ ಕೊಡಲಿಲ್ಲ. 'ಐ ಓನ್ಲಿ ಲೆಂಟ್ ಹಿಮ್ ದ ಬುಕ್' ಅಂದರೆ ಎರವಲು ಕೊಟ್ಟೆ ಅಷ್ಟೇ, ಅವನಿಗೇ ಬಿಟ್ಟುಕೊಡಲಿಲ್ಲ. 'ಐ ಲೆಂಟ್ ಓನ್ಲಿ ಹಿಮ್ ದ ಬುಕ್' ಅಂದರೆ ಅವನೊಬ್ಬನಿಗೆ ಮಾತ್ರ ಕೊಟ್ಟೆ. 'ಐ ಲೆಂಟ್ ಹಿಮ್ ಓನ್ಲಿ ದ ಬುಕ್' ಅಂದರೆ ಪುಸ್ತಕ ಮಾತ್ರ, ಬೇರೇನೂ ಕೊಡಲಿಲ್ಲ. ಒಂದು ಸಣ್ಣ ಪದದಿಂದ ನಾಲ್ಕು ಜಗಳ.

ಹಾಗಂತ ಪೊಲೀಸ್ ಆಗಬೇಡ. ಇಂಗ್ಲಿಷ್ ಮನೆಮಾತಾಗಿರುವವರು ದಿನವೂ ಓನ್ಲಿಯನ್ನು ಕ್ರಿಯಾಪದದ ಮುಂದೆ ಎಸೆಯುತ್ತಾರೆ. 'ಐ ಓನ್ಲಿ ಏಟ್ ಒನ್' ಅಂತಾರೆ, ಒಂದೇ ಒಂದು ತಿಂದೆ ಅಂತ. ಯಾರಿಗೂ ಗಲಿಬಿಲಿ ಆಗುವುದಿಲ್ಲ. ಮಾತಾಡುವಾಗ ಯಾವ ಪದದ ಮೇಲೆ ಒತ್ತು ಬೀಳುತ್ತದೆ ಅನ್ನುವುದೇ ಅರ್ಥ ಹೇಳಿಬಿಡುತ್ತದೆ. ಅಚ್ಚಿನಲ್ಲಿ ಆ ಒತ್ತು ಕೇಳಿಸುವುದಿಲ್ಲವಲ್ಲ, ತೊಂದರೆ ಅಲ್ಲಿರುವುದು. ಅರ್ಥ ಎರಡು ಕಡೆ ವಾಲಿದರೆ ಪದವನ್ನು ಸರಿಸು. ವಾಲದಿದ್ದರೆ ಕಿವಿಗೆ ಹಿತವಾದ ಕಡೆ ಇರಲಿ ಬಿಡು.

ಕಂಜಂಕ್ಷನ್‌ಗಳ, ಅಂದರೆ ಅಂಡ್, ಆರ್ ಥರದ ಜೋಡಿಸುವ ಪದಗಳ ಕಥೆ ಇನ್ನೂ ಜಾಸ್ತಿ ಕಷ್ಟದ್ದು. ನನಗೆ ಇದು ಮನಸ್ಸಿಗೆ ಹತ್ತಿದ್ದು ಒಂದು ಅವಮಾನದಿಂದ. ನಿನ್ನ ವಯಸ್ಸಿನಲ್ಲಿ ಒಂದು ಸಂಘದ ಸಮಾರಂಭಕ್ಕೆ ಇಂಗ್ಲಿಷ್ ಆಹ್ವಾನಪತ್ರ ಬರೆದುಕೊಟ್ಟಿದ್ದೆ. 'ದ ಸೆಕ್ರೆಟರಿ ಅಂಡ್ ಟ್ರೆಷರರ್ ವಿಲ್ ಸ್ಪೀಕ್' ಅಂತ ಹಾಕಿದ್ದೆ. ಕಾರ್ಯದರ್ಶಿ ಬೇರೆ, ಖಜಾಂಚಿ ಬೇರೆ. ವೇದಿಕೆ ಸಜ್ಜು ಮಾಡಿದವರು ಆಹ್ವಾನಪತ್ರ ಓದಿಕೊಂಡು ಇಬ್ಬರಿಗೂ ಸೇರಿ ಒಂದೇ ಕುರ್ಚಿ ಹಾಕಿದ್ದರು. ಖಜಾಂಚಿಯವರು ಸಭೆಯ ಮೂರನೆಯ ಸಾಲಿನಲ್ಲಿ ಕೂತು ನನ್ನನ್ನೇ ದಿಟ್ಟಿಸುತ್ತಿದ್ದರು. ಆ ದಿಟ್ಟಿ ಈಗಲೂ ನೆನಪಿದೆ. ತಪ್ಪು ಅವರದ್ದಲ್ಲ, ನನ್ನದೇ. ಒಂದೇ 'ದ' ಹಾಕಿದರೆ ಎರಡು ಹುದ್ದೆಯೂ ಒಬ್ಬನದೇ ಅನ್ನುವ ಅರ್ಥ ಬರುತ್ತದೆ. 'ದ ಸೆಕ್ರೆಟರಿ ಅಂಡ್ ದ ಟ್ರೆಷರರ್' ಅಂದಿದ್ದರೆ ಎರಡು ಕುರ್ಚಿ ಬೀಳುತ್ತಿತ್ತು. ಅಂಡ್ ಏನನ್ನು ಜೋಡಿಸುತ್ತಿದೆ, ಎರಡು ಇಡೀ ತುಂಡುಗಳನ್ನೋ ಅಥವಾ ಒಂದೇ ತುಂಡಿನೊಳಗಿನ ಎರಡು ಪದಗಳನ್ನೋ? ನಾನು ಅಂದು ಕೇಳಿಕೊಳ್ಳದೇ ಹೋದ ಪ್ರಶ್ನೆ ಇದೇ.

ನಿನ್ನ 'ಓಲ್ಡ್ ಮೆನ್ ಅಂಡ್ ವಿಮೆನ್' ಕೂಡ ಇದೇ ಜಾತಿಯದು. ವಯಸ್ಸಾದದ್ದು ಗಂಡಸರಿಗೆ ಮಾತ್ರವೋ, ಹೆಂಗಸರಿಗೂ ಹೌದೋ? 'ವಿಮೆನ್ ಅಂಡ್ ಓಲ್ಡ್ ಮೆನ್' ಅಂತ ತಿರುಗಿಸಿದರೆ ಒಂದು ಅರ್ಥ ಗಟ್ಟಿಯಾಗುತ್ತದೆ. 'ಓಲ್ಡ್ ಮೆನ್ ಅಂಡ್ ಓಲ್ಡ್ ವಿಮೆನ್' ಅಂದರೆ ಇನ್ನೊಂದು. ಇಲ್ಲಿ ನಾವೇನೂ ಬೀಗುವ ಹಾಗಿಲ್ಲ. 'ವಯಸ್ಸಾದ ಗಂಡಸರೂ ಹೆಂಗಸರೂ' ಅಂದರೆ ಕನ್ನಡದಲ್ಲೂ ಅದೇ ಗೊಂದಲ.

ನನ್ನ ತಪ್ಪಿಗೆ ಹೋದದ್ದು ಒಂದು ಕುರ್ಚಿ. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಒಂದು 'ಆರ್' 50 ಲಕ್ಷ ಡಾಲರಿಗೆ ನಿಂತಿತು. ಅಲ್ಲಿಯ ಕಾನೂನಿನಲ್ಲಿ ಓವರ್‌ಟೈಮ್ ಸಂಬಳ ಸಿಗದ ಕೆಲಸಗಳ ಒಂದು ಪಟ್ಟಿ ಇತ್ತು. ಹಣ್ಣು, ತರಕಾರಿ, ಮಾಂಸ, ಬೇಗ ಕೆಡುವ ಆಹಾರ ಇಂಥವುಗಳ ಕೆಲಸ. ಪಟ್ಟಿಯ ಕೊನೆ ಹೀಗಿತ್ತು: 'ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್ಮೆಂಟ್ ಆರ್ ಡಿಸ್ಟ್ರಿಬ್ಯೂಷನ್'. ಶಿಪ್ಮೆಂಟ್ ಆದಮೇಲೆ ಕಾಮಾ ಇಲ್ಲ. ಓಕ್‌ಹರ್ಸ್ಟ್ ಡೇರಿಯ ಲಾರಿ ಚಾಲಕರು ಇದನ್ನು ಹಿಡಿದುಕೊಂಡರು. 'ಈ ಆರ್ ಜೋಡಿಸುವುದು ಶಿಪ್ಮೆಂಟ್ ಮತ್ತು ಡಿಸ್ಟ್ರಿಬ್ಯೂಷನ್ ಅನ್ನುವ ಎರಡು ನಾಮಪದಗಳನ್ನು. ಎರಡೂ ಪ್ಯಾಕಿಂಗ್ ಅನ್ನುವುದರ ಕೆಳಗೆ ಬರುತ್ತವೆ. ನಾವು ಹಾಲು ಸಾಗಿಸುತ್ತೇವೆ, ಪ್ಯಾಕ್ ಮಾಡುವುದಿಲ್ಲ. ನಮಗೆ ಓವರ್‌ಟೈಮ್ ಕೊಡಿ' ಅನ್ನುವುದು ಅವರ ವಾದ. ಕಂಪನಿ ಹೇಳಿದ್ದು ಬೇರೆ. ಆರ್ ಜೋಡಿಸುವುದು ಪ್ಯಾಕಿಂಗ್ ಮತ್ತು ಡಿಸ್ಟ್ರಿಬ್ಯೂಷನ್ ಅನ್ನುವ ಎರಡು ಬೇರೆ ಬೇರೆ ಕೆಲಸಗಳನ್ನು, ಹಾಗಾಗಿ ಹಂಚುವವರಿಗೂ ಓವರ್‌ಟೈಮ್ ಇಲ್ಲ.

ಚಾಲಕರ ಕಡೆಯವರು ಇನ್ನೊಂದು ಸೂಕ್ಷ್ಮ ಎತ್ತಿದರು, ನನಗೆ ಬಹಳ ಇಷ್ಟವಾದದ್ದು. ಪಟ್ಟಿಯ ಕೆಲಸಗಳೆಲ್ಲ 'ಇಂಗ್' ಅಂತ ಮುಗಿಯುತ್ತವೆ. ಡಿಸ್ಟ್ರಿಬ್ಯೂಷನ್ ಹಾಗೆ ಮುಗಿಯುವುದಿಲ್ಲ, ಶಿಪ್ಮೆಂಟ್ ಕೂಡ ಮುಗಿಯುವುದಿಲ್ಲ. ಅಂದಮೇಲೆ ಇವೆರಡೇ ಜೋಡಿ, ಅಲ್ವಾ? 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ ಅಂತ ಒಪ್ಪಿ ಚಾಲಕರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರೊಳಗೆ ಕಾನೂನನ್ನೇ ತಿದ್ದಿದ್ದರು. ಕಾಮಾ ಜಾಗದಲ್ಲಿ ಸೆಮಿಕೋಲನ್ ಬಂತು, ಡಿಸ್ಟ್ರಿಬ್ಯೂಷನ್ ಹೋಗಿ ಡಿಸ್ಟ್ರಿಬ್ಯೂಟಿಂಗ್ ಆಯಿತು. ಎಲ್ಲರೂ ಇದನ್ನು ಕಾಮಾದ ಕಥೆ ಅಂತ ಹೇಳುತ್ತಾರೆ. ನನ್ನ ಮಟ್ಟಿಗೆ ಇದು ಆರ್ ಯಾರ ಕೈ ಹಿಡಿದಿದೆ ಅನ್ನುವ ಕಥೆ.

'ಆಸ್ ವೆಲ್ ಆಸ್' ವಿಷಯ ನೀನೇ ಕೇಳಿದ್ದೆ. 'ದ ಟೀಚರ್, ಆಸ್ ವೆಲ್ ಆಸ್ ಹರ್ ಸ್ಟೂಡೆಂಟ್ಸ್, ವಾಸ್ ದೇರ್'. ಇಷ್ಟು ಜನ ಇದ್ದೂ ಯಾಕೆ 'ವಾಸ್'? ಅಂಡ್ ಬಂದರೆ ಎರಡು ತುಂಡು ಸೇರಿ ಒಂದು ದೊಡ್ಡ ತುಂಡಾಗುತ್ತದೆ, ಆಗ 'ವೇರ್'. ಆಸ್ ವೆಲ್ ಆಸ್ ಹಾಗೆ ಸೇರಿಸುವುದಿಲ್ಲ, ಪಕ್ಕದಲ್ಲಿ ನಿಲ್ಲಿಸುತ್ತದೆ ಅಷ್ಟೇ. ಕನ್ನಡದಲ್ಲಿ ಹೇಳಿಕೊಂಡರೆ ಮರೆಯುವುದಿಲ್ಲ. 'ರಾಜನೂ ಮಂತ್ರಿಯೂ ಬಂದರು', ಆದರೆ 'ರಾಜ ಮಂತ್ರಿಯ ಜೊತೆ ಬಂದ'. ಮಂತ್ರಿ ಇದ್ದಾನೆ, ಆದರೂ ಕ್ರಿಯಾಪದ ಅವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 'ಟುಗೆದರ್ ವಿತ್', 'ಅಲಾಂಗ್ ವಿತ್' ಇವೂ ಹಾಗೇ. ಐದರ್-ಆರ್ ಬಂದಾಗ ಕ್ರಿಯಾಪದ ಹತ್ತಿರದ ನಾಮಪದವನ್ನು ನೋಡುತ್ತದೆ. ಬಹುವಚನವನ್ನು ಕೊನೆಗಿಟ್ಟುಬಿಡು, ತಲೆನೋವಿಲ್ಲ.

'ನಾಟ್ ಓನ್ಲಿ' ಬಂದಾಗ ಎರಡೂ ಕಡೆ ಒಂದೇ ಥರದ ತುಂಡು ಇರಬೇಕು. 'ಶಿ ನಾಟ್ ಓನ್ಲಿ ರೈಟ್ಸ್ ಸ್ಟೋರೀಸ್ ಬಟ್ ಆಲ್ಸೋ ಪೊಯಮ್ಸ್' ಒಂದು ಕಾಲು ಗಿಡ್ಡವಾದ ಮಣೆಯ ಹಾಗೆ. 'ಶಿ ರೈಟ್ಸ್ ನಾಟ್ ಓನ್ಲಿ ಸ್ಟೋರೀಸ್ ಬಟ್ ಆಲ್ಸೋ ಪೊಯಮ್ಸ್' ಮಾಡು. ಇನ್ನೊಂದು ಕಡೆ 'ಎ ಸ್ಮಾಲ್ ಹೌಎವರ್ ಲವ್ಲಿ ಹೌಸ್' ಅಂದಿದ್ದೀಯ. 'ಚಿಕ್ಕದಾದರೂ ಚಂದದ ಮನೆ' ಅನ್ನುವುದು ತಲೆಯಲ್ಲಿ ಇದ್ದಿರಬೇಕು. ನಮ್ಮ 'ಆದರೂ' ಎಲ್ಲಿ ಬೇಕಾದರೂ ನುಸುಳುತ್ತದೆ. ಹೌಎವರ್ ಹಾಗಲ್ಲ, ಅದಕ್ಕೆ ಹೀಗೆ ಎರಡು ವಿಶೇಷಣ ಜೋಡಿಸುವ ಶಕ್ತಿ ಇಲ್ಲ. ಬಟ್ ಹಾಕು.

ಕೆಲವಕ್ಕೆ ಕಾರಣ ಹುಡುಕಬೇಡ, ಕಿವಿಗೆ ಹಾಕಿಕೋ. 'ಎ ವೆರಿ ಸ್ಮಾಲ್ ಮಿಸ್ಟೇಕ್' ಸರಿ, ಆದರೆ ಸೋ ಬಂದರೆ 'ಸೋ ಸ್ಮಾಲ್ ಎ ಮಿಸ್ಟೇಕ್'. ಪಾಪ, 'ಎ' ಒಳಗೆ ಹೋಗಿ ಕೂರಬೇಕು. 'ಕ್ವೈಟ್ ಎ ಕ್ರೌಡ್' ಅಂದರೆ ಒಳ್ಳೇ ಜನಜಂಗುಳಿ. 'ಆಗಿನ ಹೆಡ್‌ಮಾಸ್ಟರ್' ಅನ್ನುವುದಕ್ಕೆ 'ದ ದೆನ್ ಹೆಡ್‌ಮಾಸ್ಟರ್' ಅನ್ನಬಹುದು, 'ಈಗಿನ' ಅನ್ನುವುದಕ್ಕೆ 'ದ ನೌ ಹೆಡ್‌ಮಾಸ್ಟರ್' ಅಂದರೆ ನಗುತ್ತಾರೆ. 'ಮೇಲಿನ ಕೋಣೆ', 'ನಿನ್ನೆಯ ಸಭೆ' ಅಂತ ನಾವು ಮುಂದೆ ಹಾಕುವುದನ್ನು ಅವರು 'ದ ರೂಮ್ ಅಪ್‌ಸ್ಟೇರ್ಸ್', 'ದ ಮೀಟಿಂಗ್ ಯೆಸ್ಟರ್ಡೇ' ಅಂತ ಹಿಂದೆ ಹಾಕುತ್ತಾರೆ.

ಮೂರನೆಯ ಕಥೆಯ ಕೊನೆಯ ಸಾಲಿಗೆ ನಾನು ತುಂಬ ಹೊತ್ತು ಕೂತೆ. ಮಗ ಹನ್ನೆರಡು ವರ್ಷದ ಮೇಲೆ ಮನೆಗೆ ಬರುತ್ತಾನೆ. ಅಂಗಳದಲ್ಲಿ ಯಾರೂ ಮಾತಾಡಿಸುವುದಿಲ್ಲ. 'ನಾಯಿಯೂ ತಲೆ ಎತ್ತಲಿಲ್ಲ' ಅಂತ ಮುಗಿಸಿದ್ದೀಯ. ಆ 'ಊ' ಒಳಗೆ ಇಡೀ ಕಥೆ ಇದೆ. ಇಂಗ್ಲಿಷಿನಲ್ಲಿ 'ದ ಡಾಗ್ ಆಲ್ಸೋ ಡಿಡ್ ನಾಟ್ ಲುಕ್ ಅಪ್' ಆಗಿದೆ. ಹಾಜರಿ ಪುಸ್ತಕದಲ್ಲಿ ನಾಯಿಯ ಹೆಸರನ್ನೂ ಬರೆದ ಹಾಗೆ. ನಾನು ಆಲ್ಸೋ ಹೊಡೆದುಹಾಕಿ, ವಾಕ್ಯದ ಮೊದಲಿಗೆ 'ಈವನ್' ಬರೆದಿದ್ದೇನೆ, ಪೆನ್ಸಿಲಿನಲ್ಲೇ. ಓದಿ ನೋಡು. ಬೇಡ ಅನ್ನಿಸಿದರೆ ಅಳಿಸು.

ಇತಿ ನಿನ್ನ,
ಅಣ್ಣ